ಪಾಳು ನಿವೇಶನದಲ್ಲಿ ಮೊದಲು ಮಾಡಬೇಕಾದದ್ದು ಮಣ್ಣಿನ ಕೆಲಸ

ಹಳೆಯ ಕಟ್ಟಡವೊಂದನ್ನು ಕೆಡವಿದ ಮೇಲೆ ವರ್ಷಗಟ್ಟಲೆ ಪಾಳು ಬಿದ್ದಿದ್ದ ನಿವೇಶನದಲ್ಲಿ ನೆರೆಹೊರೆಯ 14 ಮನೆಯವರು ಸೇರಿ ತರಕಾರಿ ಬೆಳೆಯಲು ಹೊರಟಾಗ, ಬೇಗ ಸಸಿ ನೆಡಬೇಕೆಂಬ ಆತುರ ಎಲ್ಲರಿಗಿಂತ ಹೆಚ್ಚಾಗಿ ನನಗೇ ಇತ್ತು. ಗುದ್ದಲಿ ಹಾಕಿದ ಮೊದಲ ದಿನವೇ ಒಂದು ಗೇಣು ಆಳದಲ್ಲಿ ಇಟ್ಟಿಗೆ ಚೂರು, ಗಾರೆ, ಗಾಜು ಮತ್ತು ತುಕ್ಕು ಹಿಡಿದ ಮೊಳೆಗಳ ಪದರ ಸಿಕ್ಕಿತು. ಅದರ ನಡುವೆ ಕಿಟಕಿ ಚೌಕಟ್ಟಿನ ತುಂಡೊಂದು ಬಂತು. ಉಗುರಿನಿಂದ ಕೆರೆದರೆ ಅದರ ಹಸಿರು ಬಣ್ಣ ಚಕ್ಕೆ ಚಕ್ಕೆಯಾಗಿ ಮಣ್ಣಿಗೆ ಉದುರುತ್ತಿತ್ತು. ಅದನ್ನು ಕಂಡ ಮೇಲೆ, ಮಣ್ಣು ಪರೀಕ್ಷೆಯಾಗದೆ ಒಂದು ಬೀಜವನ್ನೂ ಹಾಕಬಾರದೆಂದು ನಾನೇ ಪಟ್ಟು ಹಿಡಿದೆ.

ಹಳೆಯ ಬಣ್ಣಗಳಲ್ಲಿಯೂ ಹಿಂದಿನ ಪೆಟ್ರೋಲಿನಲ್ಲಿಯೂ ವಿಷಕಾರಿಯಾದ ಸೀಸ ಇರುತ್ತಿತ್ತು, ಅದು ಮಣ್ಣಿನ ಮೇಲ್ಪದರದಲ್ಲಿಯೇ ಉಳಿಯುತ್ತದೆ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ರಸಸಾರ (ಮಣ್ಣು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ) ಮತ್ತು ಪೋಷಕಾಂಶಗಳನ್ನಷ್ಟೇ ನೋಡುವುದರಿಂದ, ಸೀಸದ ಪರೀಕ್ಷೆಯನ್ನು ನಾವು ಪ್ರತ್ಯೇಕವಾಗಿ ಕೇಳಿ ಮಾಡಿಸಬೇಕಾಯಿತು. ಗೋಡೆಯಿದ್ದ ಅಂಚಿನ ಮಣ್ಣನ್ನು ನಡುವಿನ ಮಣ್ಣಿನೊಂದಿಗೆ ಬೆರೆಸದೆ, ಎರಡೂ ಕಡೆ ಹತ್ತು ಹತ್ತು ಜಾಗಗಳಲ್ಲಿ 15 ಸೆಂಟಿಮೀಟರ್ ಆಳದವರೆಗೆ ತೆಗೆದು ಎರಡು ಮಾದರಿಗಳನ್ನು ಕಳುಹಿಸಿದೆವು. ಬೆರೆಸಿಬಿಟ್ಟಿದ್ದರೆ ಸರಾಸರಿಯಲ್ಲಿ ದೋಷ ಮುಚ್ಚಿಹೋಗುತ್ತಿತ್ತು. ನಡುವಿನ ಭಾಗ ಸುರಕ್ಷಿತವೆಂದು ಬಂತು, ಗೋಡೆಯಂಚಿನ ಪಟ್ಟಿಯಲ್ಲಿ ಸೀಸ ಹೆಚ್ಚಿತ್ತು.

ನಡುವಿನ ಭಾಗದಲ್ಲಿಯೂ ಇಟ್ಟಿಗೆಯ ಪದರವನ್ನೆಲ್ಲ ಅಗೆದು ತೆಗೆಯುವುದು ನಮ್ಮಿಂದಾಗದ ಕೆಲಸವಾಗಿತ್ತು. ಆದ್ದರಿಂದ ನೀರು ಇಳಿಯುವ ದಪ್ಪ ಬಟ್ಟೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಹಲಗೆ ಕಟ್ಟಿ, 30 ಸೆಂಟಿಮೀಟರ್ ಎತ್ತರದ ಮಡಿಗಳನ್ನು ಮಾಡಿ ಹೊಸ ಮಣ್ಣು ತುಂಬಿದೆವು. ಎರಡೂ ಬದಿಯಿಂದ ಕೈ ನಡುವಿಗೆ ಎಟಕಬೇಕು, ಯಾರೂ ಮಡಿಯೊಳಗೆ ಕಾಲಿಟ್ಟು ಮಣ್ಣನ್ನು ಗಟ್ಟಿ ಮಾಡಬಾರದು ಎಂಬ ಕಾರಣಕ್ಕೆ ಅಗಲವನ್ನು 1.2 ಮೀಟರಿಗೆ ಮಿತಿಗೊಳಿಸಿದೆವು.

ಮೊದಲ ವರ್ಷದ ನಿಜವಾದ ಬೆಳೆಯೆಂದರೆ ಕಾಂಪೋಸ್ಟ್. ಮನೆಗಳಿಂದ ಬಂದ ತರಕಾರಿ ಸಿಪ್ಪೆಯನ್ನು ಹಾಗೆಯೇ ಸುರಿದುದರಿಂದ ಮೊದಲ ರಾಶಿ ಜಿಗುಟಾಗಿ ನಾರತೊಡಗಿತು, ಅಕ್ಕಪಕ್ಕದವರ ದೂರೂ ಬಂತು, ಅದು ನ್ಯಾಯವಾದ ದೂರೇ ಆಗಿತ್ತು. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಮೂರು ಬುಟ್ಟಿ ಒಣ ಎಲೆ ಎಂಬ ನಿಯಮ ಮಾಡಿ, ರಾಶಿಯನ್ನು ಉದ್ದ, ಅಗಲ, ಎತ್ತರಗಳಲ್ಲಿ ಒಂದೊಂದು ಮೀಟರಿಗೆ ಬೆಳೆಸಿದ ಮೇಲೆ ವಾಸನೆ ನಿಂತಿತು. ಕೆಲವೇ ದಿನಗಳಲ್ಲಿ, ಮುಂಜಾನೆ ಸಲಿಕೆಯಿಂದ ರಾಶಿಯನ್ನು ಬಿಡಿಸಿದಾಗ ಒಳಗಿನಿಂದ ಹಬೆ ಏಳುತ್ತಿತ್ತು, ಒಳಗೆ ಕೈಯಿಟ್ಟರೆ ತಾಳಲಾಗದಷ್ಟು ಬಿಸಿಯಿತ್ತು. ರೋಗಾಣುಗಳೂ ಕಳೆಯ ಬೀಜಗಳೂ ಸಾಯಲು 55 ಡಿಗ್ರಿ ಸೆಲ್ಸಿಯಸ್ ದಾಟಿದ ಈ ಕಾವು ಹಲವು ದಿನ ನಿಲ್ಲಬೇಕು, ಹೊರಗಿನದು ಒಳಗೆ ಹೋಗುವಂತೆ ಮಗುಚುತ್ತಲೂ ಇರಬೇಕು.

ನಿವೇಶನದ ಮಾಲೀಕರ ಬಾಯಿಮಾತಿನ ಒಪ್ಪಿಗೆಯೇ ಸಾಕೆಂದು ನಾನು ಮೊದಲು ನಂಬಿದ್ದು ತಪ್ಪಾಗಿತ್ತು. ಜಾಗ ಬಿಡಿಸುವ ಮುನ್ನ ನಿಂತ ಬೆಳೆಯನ್ನು ಕೊಯ್ಯುವಷ್ಟು ಕಾಲಾವಕಾಶ ಕೊಡಬೇಕೆಂಬ ಮಾತನ್ನು ಆಮೇಲೆ ಪತ್ರದಲ್ಲಿ ಬರೆಸಿಕೊಂಡೆವು. ಹಾಗೆಯೇ, ಎಲ್ಲರ ಪಾಲಿನ ಮಡಿಗೆ ಯಾರೂ ನೀರು ಹಾಕುವುದಿಲ್ಲವೆಂಬುದು ಬೇಗ ತಿಳಿದದ್ದರಿಂದ, ಮನೆಗೊಂದು ಮಡಿ ಹಂಚಿ ಮೂರನ್ನು ಮಾತ್ರ ಸಾಮೂಹಿಕವಾಗಿ ಇಟ್ಟುಕೊಂಡೆವು.

ಸೊಪ್ಪು ಮತ್ತು ಗೆಡ್ಡೆಗಳನ್ನು ಎತ್ತರದ ಮಡಿಗಳಲ್ಲಿ ಮಾತ್ರ ಬೆಳೆಯುತ್ತೇವೆ. ಮಣ್ಣಿನ ಧೂಳು ಹೆಚ್ಚಾಗಿ ಅಂಟುವುದು ಅವಕ್ಕೇ. ಸೀಸ ಕೊಳೆತು ಕರಗುವ ವಸ್ತುವಲ್ಲವಾದ್ದರಿಂದ, ಗೋಡೆಯಂಚಿನ ಪಟ್ಟಿಗೆ ದಪ್ಪನಾಗಿ ಎಲೆಯ ಹೊದಿಕೆ ಹಾಸಿ ಹೂಗಿಡಗಳನ್ನಷ್ಟೇ ನೆಟ್ಟಿದ್ದೇವೆ, ಮಕ್ಕಳು ಅಲ್ಲಿ ಮಣ್ಣಾಡದಂತೆ ಅಡ್ಡಲಾಗಿ ಬೇಲಿಯನ್ನೂ ಕಟ್ಟಿದ್ದೇವೆ.