ಬಾಟಲಿಯಿಂದ ನೇರವಾಗಿ ಪ್ಲೇಟಿಗೆ

ಕ್ಯಾಂಡಿಡಾ ಎಂಬ ಯೀಸ್ಟ್ ರಕ್ತಕ್ಕೆ ಇಳಿದಿದೆ ಎಂದು ಗೊತ್ತಾದ ಮೇಲೆ ವೈದ್ಯರು ಕೇಳುವುದು ಒಂದೇ: ಶಿಲೀಂಧ್ರ ಕೊಲ್ಲುವ ಔಷಧ ಫ್ಲುಕೊನಜೋಲ್ ನಡೆಯುತ್ತದೆಯೇ? ಮಂಗಳೂರಿನ ನಮ್ಮ ಪುಟ್ಟ ಪ್ರಯೋಗಾಲಯದಲ್ಲಿ ಉತ್ತರಕ್ಕೆ ಎರಡು ದಿನ ಬೇಕಾಗುತ್ತಿತ್ತು. ಮೊದಲ ದಿನ ರೋಗಿಯ ರಕ್ತ ಹಾಕಿಟ್ಟ ಬಾಟಲಿಯಿಂದ ಪ್ಲೇಟಿನ ಮೇಲೆ ಯೀಸ್ಟಿನ ಚುಕ್ಕೆಗಳನ್ನು, ಅಂದರೆ ಕಾಲನಿಯನ್ನು ಬೆಳೆಸುವುದು; ಮರುದಿನ ಆ ಕಾಲನಿಯನ್ನು ಪ್ಲೇಟಿಗೆ ಹಚ್ಚಿ, ಔಷಧದ ಬಿಲ್ಲೆ ಇಟ್ಟು, ಸುತ್ತ ಯೀಸ್ಟ್ ಬೆಳೆಯದ ವಲಯ ಎಷ್ಟಗಲ ಎಂದು ಅಳೆಯುವ ಡಿಸ್ಕ್ ಪರೀಕ್ಷೆ. ಮೊದಲ ದಿನವನ್ನೇ ಬಿಟ್ಟರೆ ಹೇಗೆ ಎಂದು ನೋಡಲು ಹೊರಟೆ.

ಸೂಕ್ಷ್ಮದರ್ಶಕಕ್ಕಾಗಿ ಗ್ರಾಂ ಬಣ್ಣ ಹಚ್ಚಿದಾಗ ಮೊಗ್ಗೊಡೆದ ಯೀಸ್ಟ್ ಕಂಡೊಡನೆ ಬಾಟಲಿಯ ದ್ರವವನ್ನು ಜೆಲ್ ಇರುವ ಸೀರಂ ಟ್ಯೂಬಿಗೆ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದೆ. ರಕ್ತಕಣಗಳು ಜೆಲ್ಲಿನ ಕೆಳಗುಳಿದವು, ಯೀಸ್ಟ್ ಮೇಲೆ ನಿಂತಿತು. ಅದನ್ನು ಸಲೈನಿನಲ್ಲಿ ಕಲಸಿ 0.5 ಮ್ಯಾಕ್‌ಫಾರ್ಲೆಂಡ್ ಮಸುಕಿಗೆ ತಂದು (ದ್ರವದ ಮಸುಕು ನೋಡಿ ಯೀಸ್ಟ್ ಎಷ್ಟಿದೆ ಎಂದು ಅಂದಾಜಿಸುವ ಅಳತೆ ಅದು), 2% ಗ್ಲೂಕೋಸ್ ಮತ್ತು ಮೆಥಿಲೀನ್ ಬ್ಲೂ ಬೆರೆಸಿದ ಮುಲ್ಲರ್-ಹಿಂಟನ್ ಅಗರ್ ಪ್ಲೇಟಿನ ಮೇಲೆ ಹಚ್ಚಿ, ಫ್ಲುಕೊನಜೋಲಿನ 25 ಮೈಕ್ರೊಗ್ರಾಂ ಡಿಸ್ಕ್ ಇಟ್ಟೆ. ಮರುದಿನ ವಲಯ 19 ಮಿ.ಮೀ. ಜಾತಿ ಗುರುತಿಸುವ ಜರ್ಮ್ ಟ್ಯೂಬ್ ಪರೀಕ್ಷೆ ಇದು ಕ್ಯಾಂಡಿಡಾ ಆಲ್ಬಿಕನ್ಸ್ ಎಂದಿತ್ತು. ಆ ಜಾತಿಗೆ ವಲಯ 17 ಮಿ.ಮೀ. ಅಥವಾ ಹೆಚ್ಚಿದ್ದರೆ ಔಷಧ ನಡೆಯುತ್ತದೆ. ಖುಷಿಪಟ್ಟೆ.

ಶುದ್ಧ ಕಾಲನಿಯಿಂದ ಮತ್ತೆ ಮಾಡಿದಾಗ ಬಂದದ್ದು 15. ಅಂದರೆ ಡೋಸ್ ಹೆಚ್ಚಿಸಿದರಷ್ಟೇ ನಡೆಯುವ ಗುಂಪು.

ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ಸಿಕ್ಕಿದ ಕಾರಣ ಕ್ಷುಲ್ಲಕ: ಒಡೆದ ರಕ್ತದ ಚೂರುಗಳೂ ದ್ರವವನ್ನು ಮಸುಕು ಮಾಡುತ್ತವೆ. ನಾನು ಯೀಸ್ಟ್ ಎಂದು ಅಳೆದದ್ದರಲ್ಲಿ ಕಸವೇ ಸಾಕಷ್ಟಿತ್ತು. ಪ್ಲೇಟಿಗೆ ಬಿತ್ತಿದ ಯೀಸ್ಟ್ ತೆಳುವಾದರೆ ವಲಯ ಹಿಗ್ಗುತ್ತದೆ, ನಿರೋಧಕ ಯೀಸ್ಟೂ ಸಾಧುವಾಗಿ ಕಾಣುತ್ತದೆ. ತಪ್ಪಿದರೂ ಅಪಾಯದ ಕಡೆಗೇ ತಪ್ಪುವ ತಪ್ಪು ಇದು. ಈಗ ಸಲೈನಿನಲ್ಲಿ ಎರಡು ಸಲ ತೊಳೆಯದೆ ಮಸುಕು ಹೊಂದಿಸುವುದಿಲ್ಲ.

ಇನ್ನು ನಮ್ಮ ಮಳೆಗಾಲ. ಜೂನ್ ಬಂತೆಂದರೆ ನನ್ನ ಡಿಸ್ಕುಗಳಿಗೆ ಗ್ರಹಚಾರ. ಫ್ರೀಜರಿನಿಂದ ತೆಗೆದ ಡಬ್ಬಿಯನ್ನು ಕೋಣೆಯ ಬಿಸಿಗೆ ಬರುವವರೆಗೆ ತೆರೆಯಬಾರದು. ತೆರೆದರೆ ತೇವ ಕೂತು ಔಷಧ ಕೆಡುತ್ತದೆ.

ಅದೇ ಯೀಸ್ಟ್ ದ್ರವವನ್ನು, ಒಂದೊಂದು ಜಾತಿಗೆ ಒಂದೊಂದು ಬಣ್ಣ ಕೊಡುವ ಕ್ರೋಮ್ ಅಗರ್ ಪ್ಲೇಟಿಗೂ ಎಳೆಯುತ್ತೇನೆ. ಹಸಿರು ಆಲ್ಬಿಕನ್ಸ್ ನಡುವೆ ನೀಲಿ ಟ್ರಾಪಿಕಾಲಿಸ್ ಕಂಡರೆ ಎರಡು ಜಾತಿ ಬೆರೆತಿವೆ ಎಂದರ್ಥ, ನೇರ ಪರೀಕ್ಷೆಯ ಫಲಿತಾಂಶ ಕಸದ ಬುಟ್ಟಿಗೆ. ಕ್ರುಸೈ ಎಂಬ ಇನ್ನೊಂದು ಜಾತಿ ಎಂದು ಖಚಿತವಾದರೆ ಫ್ಲುಕೊನಜೋಲ್ ವಲಯ ಅಳೆಯುವುದೇ ವ್ಯರ್ಥ, ಅದು ಹುಟ್ಟಿನಿಂದಲೇ ನಿರೋಧಕ.

ನೇರ ಪರೀಕ್ಷೆಯ ಉತ್ತರವನ್ನು ಫೋನಿನಲ್ಲಷ್ಟೇ ಹೇಳುತ್ತೇನೆ, ಕಾಗದದ ಮೇಲೆ ಬರೆಯುವುದಿಲ್ಲ. "ಇದೇ ಕೊನೆಯದೋ?" ಎಂದು ವಾರ್ಡಿನಿಂದ ಕೇಳುತ್ತಾರೆ. "ಅಲ್ಲ, ನಾಳೆ ಇನ್ನೊಮ್ಮೆ ಫೋನ್ ಮಾಡುತ್ತೇನೆ" ಎನ್ನುತ್ತೇನೆ.