ಹಳೆಯ ಚರ್ಚ್ ಉಳಿಸಬೇಕಾದರೆ ಮೊದಲು ಮಳೆಯಲ್ಲಿ ನಿಂತು ನೋಡಿ

ಹಳೆಯ ಚರ್ಚಿನ ಗೋಡೆಯಲ್ಲಿ ಬಿರುಕು ಕಂಡ ಕೂಡಲೇ ಎಲ್ಲರಿಗೂ ಮೊದಲು ನೆನಪಾಗುವುದು ರಸೀದಿ ಪುಸ್ತಕ. ದಯವಿಟ್ಟು ಅದನ್ನು ಸ್ವಲ್ಪ ಮುಂದಕ್ಕೆ ಹಾಕಿ. ಹಣ ಕೈಗೆ ಬಂತೆಂದರೆ ಖರ್ಚು ಮಾಡುವ ಅವಸರವೂ ಬರುತ್ತದೆ. ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ ಅಂತ ಗೊತ್ತಾಗುವ ಮೊದಲೇ ಗೋಡೆ ಕೆತ್ತಲು ಶುರು ಮಾಡಿರುತ್ತಾರೆ. ನಮ್ಮ ಧರ್ಮಕೇಂದ್ರದ, ಅಂದರೆ ಒಂದು ಕ್ಯಾಥೊಲಿಕ್ ಚರ್ಚಿಗೆ ಸೇರಿದ ಜನರ ಸಮುದಾಯದ, ಸಂರಕ್ಷಣಾ ಸಮಿತಿಯಲ್ಲಿ ತಪಾಸಣೆ ಪುಸ್ತಕ ಬರೆಯುವ ಕೆಲಸ ನನ್ನದು. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು ನಾನು. ಕಟ್ಟಡದ ವಿದ್ಯೆಯನ್ನು ಮೇಸ್ತ್ರಿಗಳಿಂದ, ಸಂರಕ್ಷಣೆ ಓದಿದ ವಾಸ್ತುಶಿಲ್ಪಿಗಳಿಂದ ಕೇಳಿ ಕೇಳಿ ಕಲಿತೆ. ಹಳೆಯ ಚರ್ಚನ್ನು ವಯಸ್ಸಿಗಿಂತ ಜಾಸ್ತಿ ಹಾಳು ಮಾಡುವುದು ನೀರು ಮತ್ತು ಅವಸರದ ರಿಪೇರಿ. ಇವೆರಡನ್ನೂ ತಡೆಯಲು ಧರ್ಮಕೇಂದ್ರದ ಸಾಮಾನ್ಯ ಜನರಿಗೆ ಸಾಧ್ಯವಿದೆ.

ಜೋರು ಮಳೆ ಬರುವಾಗಲೇ ಚರ್ಚಿಗೆ ಹೋಗಿ. ಕೊಡೆ, ಟಾರ್ಚ್, ಪೆನ್ಸಿಲ್, ಪುಸ್ತಕ ಇಷ್ಟು ಸಾಕು. ಒಬ್ಬರೇ ಹೋಗಬೇಡಿ. ಮೊದಲು ಹೊರಗಡೆ ಒಂದು ಸುತ್ತು ಹಾಕಿ. ಚಾವಣಿಯ ನೀರು ಅಂಚಿನ ದೋಣಿಗೆ ಬಿದ್ದು ಪೈಪಿನಲ್ಲಿ ಇಳಿಯುತ್ತಿದೆಯೇ, ಇಲ್ಲ ದೋಣಿ ತುಂಬಿ ಗೋಡೆಯ ಮೇಲೆ ಹರಿಯುತ್ತಿದೆಯೇ? ಪೈಪಿನಿಂದ ಬಿದ್ದ ನೀರು ದೂರ ಹೋಗುತ್ತಿದೆಯೇ, ಗೋಡೆಯ ಬುಡದಲ್ಲೇ ನಿಲ್ಲುತ್ತಿದೆಯೇ? ಆಮೇಲೆ ಒಳಗೆ ಬನ್ನಿ. ಗೋಪುರವೂ ಚಾವಣಿಯೂ ಸೇರುವ ಜಾಗ, ಬಲಿಪೀಠದ ಹಿಂದಿನ ಗೋಡೆ, ಕಿಟಕಿಗಳ ಕೆಳಗಿನ ಮೂಲೆ, ಇವನ್ನು ಮೊದಲು ನೋಡಿ. ಚಾವಣಿಯಲ್ಲಿ ಒಂದು ಕಡೆ ತೂತಾದರೆ ನೀರು ತೊಲೆ ಹಿಡಿದು ಎಷ್ಟೋ ದೂರ ಹೋಗಿ ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಹಾಗಾಗಿ ಕಲೆ ಕಂಡ ಜಾಗವೇ ಸೋರುವ ಜಾಗ ಅಂತ ತಿಳಿಯಬೇಡಿ.

ನೆಲವನ್ನೂ ಗಮನಿಸಿ. ಎಷ್ಟೋ ಚರ್ಚುಗಳಲ್ಲಿ ಅಂಗಳಕ್ಕೆ ಕಾಂಕ್ರೀಟ್ ಹಾಕಿ, ಅದರ ಮೇಲೆ ಮತ್ತೆ ಕಲ್ಲು ಹಾಸಿ, ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರವಾಗಿರುತ್ತದೆ. ಮೊದಲು ಮಣ್ಣಿನಿಂದ ಆವಿಯಾಗಿ ಹೋಗುತ್ತಿದ್ದ ತೇವ ಈಗ ಗೋಡೆಯೊಳಗೆ ಏರುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಪುಡಿ ಕಂಡರೆ ಅದು ಉಪ್ಪು. ನೀರು ಮೇಲೆ ಬಂದು ಆರಿದಾಗ ತಾನು ತಂದ ಉಪ್ಪನ್ನು ಅಲ್ಲೇ ಬಿಟ್ಟುಹೋಗುತ್ತದೆ. ಆ ಉಪ್ಪು ಹರಳುಗಟ್ಟುವಾಗ ಕಲ್ಲನ್ನೂ ಗಾರೆಯನ್ನೂ ಒಳಗಿನಿಂದ ಒಡೆಯುತ್ತದೆ. ಅದರ ಮೇಲೆ ಬಣ್ಣ ಬಳಿದರೆ ಒಂದೆರಡು ವರ್ಷ ಚೆನ್ನಾಗಿ ಕಾಣಬಹುದು, ಒಳಗಿನ ಹಾಳು ಮಾತ್ರ ನಿಲ್ಲುವುದಿಲ್ಲ. ದೋಣಿಯಲ್ಲಿ ಸೇರಿದ ಎಲೆ, ಹಕ್ಕಿಗೂಡು ತೆಗೆಯುವುದು, ಒಡೆದ ಹಂಚು ಬದಲಿಸುವುದು, ನೀರು ಹೋಗಲು ದಾರಿ ಮಾಡುವುದು, ಈ ಸಣ್ಣ ಕೆಲಸಗಳಿಗೆ ಯಾವ ದೊಡ್ಡ ನಿಧಿಯೂ ಬೇಡ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ತಪ್ಪದೆ ಮಾಡಿ. ಗೋಪುರದ ಸಂದಿನಲ್ಲಿ ಗಿಡ ಬೆಳೆದಿದ್ದರೆ ಎಳೆಯಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಬೇರು ಸತ್ತ ಮೇಲೆ ಸಂದು ತುಂಬಿಸಿ.

ನೋಡಿದ್ದನ್ನೆಲ್ಲ ಬರೆದಿಡಬೇಕು. ಬರೆಯುವಾಗ 'ಎಡಗಡೆ ಗೋಡೆ' ಅಂದರೆ ಸಾಲದು. ಬಾಗಿಲಿನಿಂದ ನೋಡಿದರೆ ಎಡವಾದದ್ದು ಬಲಿಪೀಠದಿಂದ ನೋಡಿದರೆ ಬಲವಾಗುತ್ತದೆ. ನಮ್ಮಲ್ಲಿ ಬಲಿಪೀಠಕ್ಕೆ ಮುಖ ಮಾಡಿ ನಿಂತೇ ಎಡ, ಬಲ ಹೇಳಬೇಕು ಅಂತ ನಿಯಮ. ಹಳೆಯ ಕಡತಗಳಲ್ಲಿ 'ಶುಭಸಂದೇಶದ ಕಡೆ' ಎಂದು ಕಂಡರೆ ಅದು ಹೀಗೆ ನಿಂತಾಗ ಎಡಕ್ಕೆ ಬರುವ ಭಾಗ, 'ಪತ್ರದ ಕಡೆ' ಬಲಕ್ಕೆ ಬರುವ ಭಾಗ. ಪ್ರತಿ ಕಿಟಕಿಗೂ ಕಂಬಕ್ಕೂ ಸಂಖ್ಯೆ ಕೊಡಿ. ಫೋಟೊಗಳನ್ನು ಪ್ರತಿ ವರ್ಷ ಅದೇ ಜಾಗದಲ್ಲಿ ನಿಂತು, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ತೆಗೆಯಿರಿ.

ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ ದಿನಾಂಕ ಬರೆಯಿರಿ. ಗೋಡೆಯಲ್ಲಿ ಹಳೆಯ ಚಿತ್ರ ಇದ್ದರೆ ಮಾತ್ರ ಅದನ್ನು ಮುಟ್ಟದೆ ಫೋಟೊದ ಮೇಲೆ ಗುರುತು ಮಾಡಿ. ಬಿರುಕಿನ ಅಗಲವನ್ನು ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ ಅಳೆಯಿರಿ. ಬಿಸಿಲು, ಮಳೆ, ಚಳಿಗೆ ಗೋಡೆ ಹಿಗ್ಗಿ ಕುಗ್ಗುತ್ತದೆ. ಅದಕ್ಕೇ ವರ್ಷಪೂರ್ತಿ ಅಳೆದರೆ ಮಾತ್ರ ಬಿರುಕು ನಿಜವಾಗಿ ಬೆಳೆಯುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ದಿನದಿಂದ ದಿನಕ್ಕೆ ಅಗಲವಾದರೆ, ಗೋಡೆ ಉಬ್ಬಿದರೆ ಕಾಯಬೇಡಿ. ಆ ಭಾಗಕ್ಕೆ ಜನ ಹೋಗದಂತೆ ತಡೆದು ಎಂಜಿನಿಯರನ್ನು ಕರೆಯಿರಿ.

ಹಿರಿಯರ ಮನೆಗಳಿಗೂ ಹೋಗಿ. ಮದುವೆಯ ಫೋಟೊ, ಮಕ್ಕಳು ಮೊದಲ ಸಲ ಪರಮಪ್ರಸಾದ ಸ್ವೀಕರಿಸಿದ ದಿನದ ಫೋಟೊ ಕೇಳಿ. ಆ ಮಕ್ಕಳ ಹಿಂದೆ ಹಳೆಯ ಬಲಿಪೀಠ, ಈಗಿಲ್ಲದ ಕಟಕಟೆ, ಗೋಡೆಯ ಮೊದಲಿನ ಅಲಂಕಾರ ಎಲ್ಲ ಇರುತ್ತದೆ. ಬೇರೆಲ್ಲೂ ಸಿಗದ ದಾಖಲೆ ಅದು. ಪ್ಯಾರಿಸ್ಸಿನ ನೋತ್ರ್ ದಾಮ್ ಕಥೀಡ್ರಲ್ ಚಾವಣಿ 2019ರ ಏಪ್ರಿಲ್ 15ರಂದು ಸುಟ್ಟುಹೋಯಿತು. ಆದರೆ 2014ರಲ್ಲೇ ಇಬ್ಬರು ವಾಸ್ತುಶಿಲ್ಪಿಗಳು ಆ ಓಕ್ ಮರದ ಚಾವಣಿಯ ಅಳತೆಯನ್ನೆಲ್ಲ ತೆಗೆದು ನಕ್ಷೆ ಮಾಡಿಟ್ಟಿದ್ದರು. ಬಡಗಿಗಳು ಮತ್ತೆ ಅದೇ ರೀತಿ ಕಟ್ಟಲು ಆ ನಕ್ಷೆ ದೊಡ್ಡ ಆಸರೆಯಾಯಿತು. 2024ರ ಡಿಸೆಂಬರಿನಲ್ಲಿ ಅಲ್ಲಿ ಮತ್ತೆ ಪೂಜೆ ಶುರುವಾಯಿತು.

ಈಗ ಗಾರೆಯ ವಿಷಯ. ಇಲ್ಲಿ ನಾನು ಹಟ ಹಿಡಿಯುತ್ತೇನೆ. ಸುಣ್ಣದಲ್ಲಿ ಕಟ್ಟಿದ ಗೋಡೆಗೆ ಸಿಮೆಂಟ್ ಹಾಕಲು ಬಿಡಬೇಡಿ.

ಕಾರಣ ಸರಳ. ಹಳೆಯ ಗೋಡೆ ತೇವವನ್ನು ಒಳಗೆ ತೆಗೆದುಕೊಳ್ಳುತ್ತದೆ, ಸುಣ್ಣದ ಗಾರೆಯ ಮೂಲಕ ಹೊರಗೆ ಬಿಡುತ್ತದೆ. ಗಾರೆ ಕಲ್ಲಿಗಿಂತ ಮೆತ್ತಗಿರುವುದರಿಂದ ಸವೆಯುವುದಿದ್ದರೆ ಗಾರೆಯೇ ಸವೆಯುತ್ತದೆ, ಕಲ್ಲು ಉಳಿಯುತ್ತದೆ. ಗಾರೆಯನ್ನು ಮತ್ತೆ ತುಂಬಬಹುದು. ಸಿಮೆಂಟ್ ಹಾಕಿದರೆ ಇದು ತಿರುಗುಮುರುಗಾಗುತ್ತದೆ. ಸಿಮೆಂಟ್ ಗಟ್ಟಿ, ತೇವಕ್ಕೆ ಸುಲಭವಾಗಿ ದಾರಿ ಬಿಡುವುದಿಲ್ಲ. ನೀರೂ ಉಪ್ಪೂ ಕಲ್ಲಿನ ಮೂಲಕವೇ ಹೊರಬರಬೇಕಾಗುತ್ತದೆ, ಕಲ್ಲಿನ ಮುಖ ಪದರ ಪದರವಾಗಿ ಉದುರುತ್ತದೆ. ಪ್ಲಾಸ್ಟಿಕ್ ಅಂಶದ ಪೇಂಟ್ ಕೂಡ ಇದೇ ಕೆಲಸ ಮಾಡುತ್ತದೆ.

ಹಾಗಂತ ಗಾರೆಯನ್ನೆಲ್ಲ ಕಿತ್ತು ಕಲ್ಲನ್ನು 'ಅಂದವಾಗಿ' ತೋರಿಸುವುದೂ ತಪ್ಪು. ಹಳೇ ಗೋವಾದ ಬೊಮ್ ಜೀಸಸ್ ಬೆಸಿಲಿಕಾದ ಹೊರಗಿನ ಸುಣ್ಣದ ಗಾರೆಯನ್ನು 1950ರ ದಶಕದಲ್ಲಿ ತೆಗೆದುಹಾಕಿದರು. ಒಳಗಿದ್ದದ್ದು ಜಂಬಿಟ್ಟಿಗೆ ಕಲ್ಲು. ಅಂದಿನಿಂದ ಮಳೆಗೆ ಅದು ಸವೆಯುತ್ತಾ ಬಂದಿದೆ. ಗಾರೆ ಇದ್ದದ್ದು ಅಲಂಕಾರಕ್ಕೆ ಮಾತ್ರ ಅಲ್ಲ, ಕಲ್ಲನ್ನು ಕಾಯುವುದಕ್ಕೆ, ಅಲ್ವಾ?

ಸುಣ್ಣದ ಕೆಲಸಕ್ಕೆ ತಾಳ್ಮೆ ಬೇಕು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಬಹಳ ದಿನ ನೆನೆಯಲು ಬಿಟ್ಟು, ಮರಳು ಸೇರಿಸುತ್ತಾರೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಎನ್ನುವುದು ಸಾಮಾನ್ಯ ಲೆಕ್ಕ. ಆದರೆ ನಿಮ್ಮ ಗೋಡೆಯ ಹಳೆಯ ಗಾರೆಯ ಚೂರನ್ನು ಪರೀಕ್ಷೆ ಮಾಡಿಸಿ ಅದಕ್ಕೆ ಹೊಂದಿಸುವುದು ಒಳ್ಳೆಯದು. ಮರಳಿನಲ್ಲಿ ಉಪ್ಪು ಇರಬಾರದು. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದೂ ನಿಧಾನವಾಗಿ. ಬಿಸಿಲಿಗೆ ಬೇಗ ಒಣಗಿದರೆ ಪುಡಿಯಾಗುತ್ತದೆ. ತೆಳುವಾಗಿ ಪದರ ಪದರ ಹಾಕಿ, ಒದ್ದೆ ಗೋಣಿ ಹೊದಿಸಿ ತೇವ ಕಾಯಬೇಕು. ನೀರು ಚಿಮುಕಿಸುವ ಪಾಳಿಯನ್ನು ನಮ್ಮಲ್ಲಿ ಯುವಜನರು ಹಂಚಿಕೊಂಡರು. ಒಂದು ಎಚ್ಚರಿಕೆ: ಸುಣ್ಣ ಅರಳಿಸುವಾಗ ಕುದಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ.

ಗುತ್ತಿಗೆ ಕೊಡುವ ಮೊದಲು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಸ್ವಲ್ಪ ಜಾಗಕ್ಕೆ ಮಾದರಿ ಮಾಡಿಸಿ. ಒಂದು ಮಳೆಗಾಲ ಕಳೆಯಲಿ. ನಮ್ಮ ಹತ್ತಿರ ಬಂದಿದ್ದ ಒಬ್ಬ ಗುತ್ತಿಗೆದಾರರು "ಟೀಚರ್, ಸಿಮೆಂಟಾದ್ರೆ ಹಬ್ಬದೊಳಗೆ ಮುಗಿಸಿಕೊಡ್ತೀನಿ" ಅಂದರು. "ಬೇಡ, ಹಬ್ಬ ಮುಂದಿನ ವರ್ಷವೂ ಬರುತ್ತೆ" ಅಂದೆ. ವಯಸ್ಸಾದ ಮೇಸ್ತ್ರಿಯೊಬ್ಬರು ಮಾದರಿ ಮಾಡಿ ತೋರಿಸಿದರು, ಕೆಲಸ ಅವರಿಗೇ ಹೋಯಿತು.

ಸ್ವರೂಪಗಳು (ಯೇಸುವಿನ, ಸಂತರ ಪ್ರತಿಮೆಗಳು), ವರ್ಣಚಿತ್ರಗಳ ವಿಷಯದಲ್ಲಿ ನಮ್ಮ ಕೈ ಕಟ್ಟಿಕೊಂಡಿರಬೇಕು. 2012ರಲ್ಲಿ ಸ್ಪೇನಿನ ಬೋರ್ಹಾದಲ್ಲಿ ಹಿರಿಯ ಭಕ್ತೆಯೊಬ್ಬರು ಉದುರುತ್ತಿದ್ದ ಯೇಸುವಿನ ಭಿತ್ತಿಚಿತ್ರವನ್ನು ಪ್ರೀತಿಯಿಂದಲೇ ತಿದ್ದಲು ಹೋದರು. ಚಿತ್ರದ ಮುಖವೇ ಬದಲಾಯಿತು. ಅವರ ಭಕ್ತಿಯನ್ನು ನಾನು ಗೌರವಿಸುತ್ತೇನೆ, ಅದೇ ಭಕ್ತಿ ನಮ್ಮ ಧರ್ಮಕೇಂದ್ರಗಳಲ್ಲೂ ಇದೆ. ಅದಕ್ಕೇ ನಿಯಮ ಬೇಕು. ಕ್ಯಾಥೊಲಿಕ್ ಧರ್ಮಸಭೆಯ ಸ್ವಂತ ಕಾನೂನಾದ ಕ್ಯಾನನ್ ಕಾನೂನಿನ 1189ನೇ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಪ್ರಾಚೀನತೆ, ಕಲೆ ಅಥವಾ ಭಕ್ತಿಯಿಂದ ಅಮೂಲ್ಯವಾದ ಸ್ವರೂಪ, ಚಿತ್ರಗಳನ್ನು ಬಿಷಪರ ಕಡೆಯ ಲಿಖಿತ ಅನುಮತಿ ಇಲ್ಲದೆ ದುರಸ್ತಿ ಮಾಡುವಂತಿಲ್ಲ, ಅವರೂ ಪರಿಣತರನ್ನು ಕೇಳಿಯೇ ಅನುಮತಿ ಕೊಡಬೇಕು. ಬಟ್ಟೆಯಿಂದ ಒರೆಸುವುದಕ್ಕೂ ಮೊದಲು ಕೇಳಿ.

ಬೆಂಕಿಯ ಬಗ್ಗೆ ಎರಡೇ ಮಾತು. ಹಳೆಯ ವೈರಿಂಗ್ ಪೂರ್ತಿ ಪರೀಕ್ಷೆ ಮಾಡಿಸಿ. ಚಾವಣಿಯ ಬಳಿ ವೆಲ್ಡಿಂಗ್ ಮಾಡಲೇಬೇಕಾದರೆ, ಕೆಲಸ ಮುಗಿದ ಮೇಲೂ ಒಂದು ಗಂಟೆಯಾದರೂ ಒಬ್ಬರು ಅಲ್ಲೇ ಕಾವಲಿರಲಿ.

ಇಷ್ಟಾದ ಮೇಲೆ ಹಣ. ಈಗ ನಿಮ್ಮ ಕೈಯಲ್ಲಿ ತಪಾಸಣೆ ಪುಸ್ತಕ ಇದೆ, ಯಾವ ಕೆಲಸ ಮೊದಲು ಅಂತ ಗೊತ್ತಿದೆ. ಒಂದೇ ದೊಡ್ಡ ಮೊತ್ತ ಕೇಳುವ ಬದಲು 'ಈ ವರ್ಷ ಉತ್ತರದ ಕಡೆ ಚಾವಣಿ' ಅಂತ ಒಂದೊಂದೇ ಕೆಲಸ ಕೇಳಿ, ಜನ ಮನಸ್ಸು ಬಿಚ್ಚಿ ಕೊಡುತ್ತಾರೆ. ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಅದಕ್ಕೇ ಬಳಸಬೇಕು, ಇದು 1267ನೇ ವಿಧಿ. ಕೊಟ್ಟವರಿಗೆ ಲೆಕ್ಕ ಒಪ್ಪಿಸಬೇಕು, ಇದು 1287ನೇ ವಿಧಿ. ಲೆಕ್ಕವನ್ನು ಚರ್ಚಿನ ಬಾಗಿಲ ಬಳಿ, ಎಲ್ಲರಿಗೂ ಕಾಣುವಂತೆ ಹಾಕಿ. ಧರ್ಮಕೇಂದ್ರದ ಪರವಾಗಿ ಒಪ್ಪಂದಕ್ಕೆ ಸಹಿ ಹಾಕುವವರು ಗುರುಗಳೇ. ಆದ್ದರಿಂದ ಫಾದರ್ ಅವರನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿ. ಅವರಿಗೆ ವರ್ಗವಾಗುತ್ತದೆ, ಸಮಿತಿ ಉಳಿಯುತ್ತದೆ. ಹೊಸ ಗುರುಗಳು ಬಂದ ವಾರವೇ ಪುಸ್ತಕವನ್ನು ಅವರಿಗೆ ತೋರಿಸಿ. ಚರ್ಚಿನ ಆಸ್ತಿ, ಬೆಲೆಬಾಳುವ ವಸ್ತುಗಳ ಪಟ್ಟಿಯ ಒಂದು ಪ್ರತಿ ಧರ್ಮಕೇಂದ್ರದಲ್ಲಿ, ಇನ್ನೊಂದು ಬಿಷಪರ ಕಚೇರಿಯಲ್ಲಿ ಇರಬೇಕು ಎಂದು 1283ನೇ ವಿಧಿ ಹೇಳುತ್ತದೆ. ಇಲ್ಲದಿದ್ದರೆ ಈಗಲೇ ಮಾಡಿ.

ಕೊನೆಯದಾಗಿ, ಚರ್ಚನ್ನು ಮುಚ್ಚುವ ಮಾತು ಬಂದರೆ. ಎರಡು ಧರ್ಮಕೇಂದ್ರಗಳನ್ನು ಸೇರಿಸುವುದು ಬೇರೆ, ಚರ್ಚ್ ಕಟ್ಟಡದಲ್ಲಿ ಆರಾಧನೆ ನಿಲ್ಲಿಸಿ ಬೇರೆ ಬಳಕೆಗೆ ಕೊಡುವುದು ಬೇರೆ. ಎರಡನೆಯದಕ್ಕೆ 1222ನೇ ವಿಧಿ ಅನ್ವಯಿಸುತ್ತದೆ. ದುರಸ್ತಿಗೆ ದಾರಿಯೇ ಇಲ್ಲದ ಸ್ಥಿತಿ ಇರಬೇಕು, ಇಲ್ಲವೇ ಗಂಭೀರ ಕಾರಣ ಇದ್ದು ಬಿಷಪರು ಗುರುಗಳ ಪರಿಷತ್ತಿನ ಅಭಿಪ್ರಾಯ ಕೇಳಿರಬೇಕು. ಹಣವಿಲ್ಲ ಎನ್ನುವುದು ಕಾರಣವಾಗಬೇಕಾದರೆ ಬೇರೆ ಮೂಲಗಳನ್ನೂ ಹುಡುಕಿ ನೋಡಿರಬೇಕು ಎಂದು ವ್ಯಾಟಿಕನ್ 2013ರಲ್ಲಿ ತಿಳಿಸಿತು. ನಿಮ್ಮ ಅಂದಾಜುಪಟ್ಟಿ, ದೇಣಿಗೆಯ ಭರವಸೆಗಳು, ವರ್ಷವರ್ಷದ ಫೋಟೊಗಳು ಆಗ ಸಾಕ್ಷಿಯಾಗುತ್ತವೆ. ಆದೇಶ ಬಂದರೆ, ಅದನ್ನು ಬದಲಿಸುವಂತೆ ಮೊದಲು ಬಿಷಪರಿಗೇ ಲಿಖಿತವಾಗಿ ಕೇಳಿಕೊಳ್ಳಬೇಕು. ಅದಕ್ಕೆ ಇರುವ ಗಡುವು ಆದೇಶ ತಿಳಿಸಿದಾಗಿನಿಂದ 10 ದಿನ ಮಾತ್ರ. ಆಮೇಲಷ್ಟೇ ರೋಮಿಗೆ ಮೇಲ್ಮನವಿ. ಕ್ಯಾನನ್ ಕಾನೂನು ಬಲ್ಲ ಒಬ್ಬರ ಪರಿಚಯ ಈಗಲೇ ಮಾಡಿಕೊಳ್ಳಿ. ಆದೇಶದ ಪತ್ರ ಕೈಗೆ ಬಂದ ದಿನಾಂಕವನ್ನು ಲಕೋಟೆಯ ಮೇಲೆ ಬರೆದು, ಇಬ್ಬರ ಸಹಿ ಹಾಕಿಸಿ ಜೋಪಾನವಾಗಿಡಿ.