ಪೊಲೀಸ್ ರೇಡಿಯೊ ಬಾಯಿ ಮುಚ್ಚಿದ ಮೇಲೂ ಊರಿನ ಸುದ್ದಿ ಹಿಡಿದ ಬಗೆ

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯ ಪೊಲೀಸ್ ರೇಡಿಯೊ ಚಾನೆಲ್‌ಗಳು ಒಂದೊಂದಾಗಿ ಎನ್‌ಕ್ರಿಪ್ಟ್ ಆಗುತ್ತ (ಹೊರಗಿನವರಿಗೆ ಅರ್ಥವಾಗದಂತೆ ಸಂಕೇತದ ಬೀಗ ಬೀಳುತ್ತ) ಹೋದಾಗ ನಮ್ಮ ರೇಡಿಯೊ ಗೆಳೆಯರಲ್ಲಿ ಅರ್ಧಕ್ಕರ್ಧ ಜನ ಇಂಥ ಮಾತು ಕೇಳಿಸುವ ಸ್ಕ್ಯಾನರ್ ರೇಡಿಯೊ ಮಾರಿ ಕೈ ತೊಳೆದುಕೊಂಡರು. ಉಳಿದವರು ವಿಮಾನದ ರೇಡಿಯೊ ಕಡೆಗೋ ಹ್ಯಾಮ್ (ಹವ್ಯಾಸಿ ರೇಡಿಯೊ) ಕಡೆಗೋ ತಿರುಗಿದರು. ‘ಎಇಎಸ್-256 ಬೀಗ ಹಾಕಿದ್ಮೇಲೆ ಇನ್ನೇನ್ ಸ್ವಾಮಿ, ಕಡಿದು ಕಟ್ಟೆ ಹಾಕ್ತೀರಾ?’ ಅಂತ ಸ್ಯಾನ್ ಹೋಸೆಯ ಹಿರಿಯ ಕನ್ನಡಿಗರೊಬ್ಬರು, ನನಗಿಂತ ಎಷ್ಟೋ ಹಳೆಯ ಕಾಲ್‌ಸೈನ್ (ಹ್ಯಾಮ್ ಲೈಸೆನ್ಸಿನ ಗುರುತು) ಇರುವವರು, ಎದುರಿಗೇ ಕೇಳಿದ್ದರು. ಕಟ್ಟೆ ಹಾಕಿ ಮುಗಿಸಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈಗ ನಮ್ಮ ಸುತ್ತಮುತ್ತ ದೊಡ್ಡ ಗಲಾಟೆ ಆದರೆ ಐದರಿಂದ ಹತ್ತು ನಿಮಿಷದೊಳಗೆ ಎಲ್ಲಿ, ಸುಮಾರಾಗಿ ಏನು, ಯಾವಾಗ ತಣ್ಣಗಾಯಿತು ಅನ್ನುವುದು ನನ್ನ ಫೋನಿಗೆ ಬಂದಿರುತ್ತದೆ. ಊರ ಪೊಲೀಸರ ಒಂದು ಮಾತನ್ನೂ ಕೇಳದೆ.

ಬೀಗ ಒಡೆಯುವ ವಿದ್ಯೆ ಹುಡುಕಿ ಬಂದವರು ಇಲ್ಲೇ ನಿಲ್ಲಿಸಿ. ಅಮೆರಿಕದ 1986ರ ಎಲೆಕ್ಟ್ರಾನಿಕ್ ಸಂವಹನ ಖಾಸಗಿತನದ ಕಾಯ್ದೆ ಎಲ್ಲರಿಗೂ ತೆರೆದಿರುವ ಸರ್ಕಾರಿ ರೇಡಿಯೊ ಕೇಳಲು ಬಿಡುತ್ತದೆ, ಎನ್‌ಕ್ರಿಪ್ಟ್ ಆದದ್ದನ್ನು ಬಿಡಿಸಲು ಬಿಡುವುದಿಲ್ಲ. ಕಾನೂನು ಹಾಗಿರಲಿ, ಎಇಎಸ್ ಒಡೆಯುತ್ತೇನೆ ಅನ್ನುವವನು ಸುಳ್ಳುಗಾರ. ಬೆಂಗಳೂರಿನ ತಮ್ಮಂದಿರಿಗೆ ಇನ್ನೊಂದು ಮಾತು: ಭಾರತದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದ ಉಪಕರಣ ಇಟ್ಟುಕೊಳ್ಳುವುದಕ್ಕೇ ಲೈಸೆನ್ಸ್ ಬೇಕು ಅನ್ನುವ ಲೆಕ್ಕ. ಇದನ್ನು ಓದಿ ಅಲ್ಲಿ ಪೊಲೀಸ್ ವಾಕಿಟಾಕಿ ಹುಡುಕಲು ಹೋಗಬೇಡಿ.

ಇತಿಹಾಸ ನಿಮಗೆಲ್ಲ ಗೊತ್ತು, ಚುಟುಕಾಗಿ ಹೇಳಿ ಮುಗಿಸುತ್ತೇನೆ. 2020ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು: ಜನರ ಹೆಸರು, ಡ್ರೈವಿಂಗ್ ಲೈಸೆನ್ಸ್ ನಂಬರ್, ಹಳೆಯ ಕೇಸುಗಳ ವಿವರ ಗಾಳಿಯಲ್ಲಿ ಬಯಲಾಗಿ ಹೋಗಬಾರದು. ಅದಕ್ಕೆ ಎರಡು ದಾರಿ ಇತ್ತು. ಪೂರ್ತಿ ಎನ್‌ಕ್ರಿಪ್ಟ್ ಮಾಡಿ, ಇಲ್ಲವೇ ಆ ವಿವರಗಳನ್ನಷ್ಟೇ ರೇಡಿಯೊದಲ್ಲಿ ಹೇಳದ ನಿಯಮ ಮಾಡಿಕೊಳ್ಳಿ. ಬಹುತೇಕರು ಮೊದಲನೆಯದನ್ನು ಹಿಡಿದರು. ಪಾಲೋ ಆಲ್ಟೋ ಪೊಲೀಸರು 2021ರ ಜನವರಿಯಲ್ಲಿ ಬಾಗಿಲು ಹಾಕಿ, ಹೊಸ ಮುಖ್ಯಸ್ಥ ಆಂಡ್ರ್ಯೂ ಬೈಂಡರ್ ಬಂದ ಮೇಲೆ 2022ರ ಸೆಪ್ಟೆಂಬರಿನಲ್ಲಿ ಮತ್ತೆ ತೆರೆದರು. ಅಂದರೆ ಎರಡನೇ ದಾರಿ ನಡೆಯುತ್ತದೆ ಅನ್ನುವುದು ಪಕ್ಕದ ಊರಲ್ಲೇ ಸಾಬೀತಾಯಿತು. ಆದರೂ ಎಲ್ಲರನ್ನೂ ಆ ದಾರಿಗೆ ತರಲು ರಾಜ್ಯ ಸೆನೆಟರ್ ಜಾಶ್ ಬೆಕರ್ ತಂದಿದ್ದ ಎಸ್‌ಬಿ 1000 ಮಸೂದೆ ಅದೇ ವರ್ಷ ಸಮಿತಿಯಲ್ಲೇ ಬಿದ್ದುಹೋಯಿತು. ಷಿಕಾಗೋದವರು 30 ನಿಮಿಷ ತಡವಾಗಿ ಆಡಿಯೊ ಬಿಡುವ ಏರ್ಪಾಡು ಮಾಡಿಕೊಂಡಿದ್ದಾರೆ. ಅರ್ಧ ಗಂಟೆ ಹಳೆಯ ಮಾತು ಪತ್ರಕರ್ತರಿಗೆ ಒಂದಿಷ್ಟು ಆದೀತು. ಮಗಳ ಶಾಲೆಯ ಮೇಲೆ ಹೆಲಿಕಾಪ್ಟರ್ ಸುತ್ತುತ್ತಿರುವಾಗ ನನಗೆ ಅದರಿಂದ ಏನೂ ಆಗಬೇಕಿಲ್ಲ.

ನನಗೆ ಹೊಳೆದದ್ದು ಇಷ್ಟೆ. ಪೊಲೀಸರು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಚಾಕು ಇರಿತ, ಗುಂಡೇಟು, ಮನೆಯೊಳಗಿನ ಹೊಡೆದಾಟ ಯಾವುದೇ ಇರಲಿ, ಆಂಬುಲೆನ್ಸೂ ಫೈರ್ ಎಂಜಿನ್ನೂ ಹೊರಡಲೇಬೇಕು. ಪೊಲೀಸರು ಜಾಗ ಸುರಕ್ಷಿತ ಅನ್ನುವ ತನಕ ಅವರು ಹತ್ತಿರ ಹೋಗುವಂತಿಲ್ಲ. ಆಗ ಫೈರ್ ಡಿಸ್ಪ್ಯಾಚರ್ (ರೇಡಿಯೊದಲ್ಲಿ ಗಾಡಿಗಳನ್ನು ಕಳಿಸುವವರು) ಹೇಳುವ ಮಾತು ‘ಸ್ಟೇಜ್’. ಇಂಥ ಎರಡು ಬೀದಿ ಕೂಡುವಲ್ಲಿ ನಿಂತು ಕಾಯಿರಿ ಎಂದು. ಎಲ್ಲ ಮುಗಿದ ಮೇಲೆ ‘ಪಿಡಿ ಕೋಡ್ 4’, ಅಂದರೆ ಪೊಲೀಸರು (ಪಿಡಿ) ಸುರಕ್ಷಿತ ಅಂದರು, ಇನ್ನು ಒಳಗೆ ಹೋಗಬಹುದು. ನನ್ನ ಮನೆಯ ಆಂಟೆನಾಕ್ಕೆ ಸಿಗುವ ಫೈರ್ ಡಿಸ್ಪ್ಯಾಚ್ ಇನ್ನೂ ತೆರೆದೇ ಇದೆ. ಬಾಗಿಲು ಹಾಕಿದ ಮನೆಯ ಜಗಳವನ್ನು ಪಕ್ಕದ ಮನೆಯ ಜಗಲಿಯಲ್ಲಿ ಕೂತು ತಿಳಿದುಕೊಂಡ ಹಾಗೆ. ಈ ಒಂದು ಪದದ ಸುತ್ತಲೇ ನನ್ನ ಇಡೀ ಕಾರ್ಖಾನೆ ನಿಂತಿದೆ.

ಹೇಳುವುದು ಸುಲಭ, ಸಿಗ್ನಲ್ ಹಿಡಿಯಲು ಮೂರ್ನಾಲ್ಕು ತಿಂಗಳು ತಿಂದಿತು. ಇಲ್ಲಿನ ಎಸ್‌ವಿಆರ್‌ಸಿಎಸ್ (ಇಲ್ಲಿನ ಸರ್ಕಾರಿ ಇಲಾಖೆಗಳು ಹಂಚಿಕೊಳ್ಳುವ ರೇಡಿಯೊ ಜಾಲ) ಅನ್ನುವುದು 700 ಮೆಗಾಹರ್ಟ್ಸ್‌ನ ಪಿ25 ಫೇಸ್ 2 ಡಿಜಿಟಲ್ ವ್ಯವಸ್ಥೆ, ಅದೂ ಸೈಮಲ್‌ಕಾಸ್ಟ್. ಹಲವು ಟವರ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಮಾತು ಕಳಿಸುತ್ತವೆ, ನಮ್ಮ ಮನೆಗೆ ಬರುವಷ್ಟರಲ್ಲಿ ಒಂದರ ಮೇಲೊಂದು ಬಿದ್ದು ಗಂಜಿಯಾಗಿರುತ್ತವೆ. ನನ್ನ ಹಳೆಯ ಸ್ಕ್ಯಾನರ್, ಆ ಕಾಲಕ್ಕೆ ಸುಮಾರು 500 ಡಾಲರ್ ಸುರಿದದ್ದು, ಪೂರ್ತಿ ಕಡ್ಡಿ ತೋರಿಸುತ್ತ ಒಂದು ವಾಕ್ಯವನ್ನೂ ನೆಟ್ಟಗೆ ಕೇಳಿಸಲಿಲ್ಲ. ಅದನ್ನು 200ಕ್ಕೋ 220ಕ್ಕೋ ಮಾರಿದೆ. ಬಂದ ದುಡ್ಡಿನಲ್ಲಿ ಟಿಸಿಎಕ್ಸ್‌ಒ (ಸೆಕೆಗೂ ಫ್ರೀಕ್ವೆನ್ಸಿ ಜಾರದಂತೆ ಹಿಡಿಯುವ ಭಾಗ) ಇರುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಅಂದರೆ ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರೇಡಿಯೊ ತಂದೆ, ಒಂದಕ್ಕೆ 35 ಡಾಲರ್ ಆಸುಪಾಸು. ಈ ವ್ಯವಸ್ಥೆಯ 769ರಿಂದ 775 ಮೆಗಾಹರ್ಟ್ಸ್ ಪೂರ್ತಿ ಹಿಡಿಯಲು ಮೂರು ಸಾಕು, ಒಂದೊಂದು 2.4 ಮೆಗಾಹರ್ಟ್ಸ್ ನುಂಗುತ್ತದೆ. ಇದಕ್ಕೂ ಮೊದಲು ಆನ್‌ಲೈನಿನಲ್ಲಿ 12 ಡಾಲರಿಗೆ ಸಿಕ್ಕ ನಾಲ್ಕು ಅಗ್ಗದ ಡಾಂಗಲ್‌ಗಳು ಗ್ಯಾರೇಜಿನ ಸೆಕೆಗೆ ಫ್ರೀಕ್ವೆನ್ಸಿ ಜಾರಿಸಿ ಜಾರಿಸಿ ಸತ್ತವು. ಆ ದುಡ್ಡು ಗೋವಿಂದ.

ಎಲ್ಲರ ಸಲಹೆಯೂ ಒಂದೇ: ಆಂಟೆನಾ ಎತ್ತರಕ್ಕೆ ಏರಿಸು. ಅಟ್ಟಕ್ಕೆ ಏರಿಸಿದೆ, ಡಿಕೋಡ್ (ಸಿಗ್ನಲ್ ಬಿಡಿಸಿ ಮಾತಾಗಿಸುವುದು) ಇನ್ನೂ ಹಾಳಾಯಿತು. ಎತ್ತರ ಹೆಚ್ಚಿದಷ್ಟೂ ಟವರ್‌ಗಳು ಹೆಚ್ಚು ಕಾಣುತ್ತವೆ, ಗಂಜಿ ಇನ್ನಷ್ಟು ಗಟ್ಟಿ. ಹಟ ಬಂದು ಉಲ್ಟಾ ಹೊರಟೆ. 19 ಸೆಂಟಿಮೀಟರಿನ ಚಿಕ್ಕ ಡೈಪೋಲ್ ಆಂಟೆನಾ ತಂದು ಕೆಳಗಿನ ಬಚ್ಚಲಮನೆ ಕಿಟಕಿಯಲ್ಲಿ, ಗೀಸರ್ ಪೈಪಿನ ಮರೆಗೆ ಅಂಟಿಸಿದೆ. ಸಿಗ್ನಲ್ ಬಲ ಅರ್ಧಕ್ಕಿಂತ ಕಡಿಮೆ. ಡಿಕೋಡ್ ಮಾತ್ರ ನೂರಕ್ಕೆ ತೊಂಬತ್ತೈದರ ಮೇಲೆ! ಗೋಡೆಗಳು ಉಳಿದ ಟವರ್‌ಗಳನ್ನು ತಡೆದು ಒಂದನ್ನೇ ಒಳಗೆ ಬಿಡುತ್ತವೆ. ನಮ್ಮ ಹಿರಿಯರಿಗೆ ಫೋಟೊ ಕಳಿಸಿದೆ. ‘ಬಚ್ಚಲಲ್ಲಿ ಆಂಟೆನಾ ಇಡೋರನ್ನ ಇವತ್ತೇ ನೋಡಿದ್ದು’ ಅಂದರು. ಮುಂದಿನ ವಾರ ಅವರ ಮನೆಯಲ್ಲೂ ಫ್ರಿಜ್ ಹಿಂದೆ ಒಂದು ಇತ್ತು. ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಎಷ್ಟಕ್ಕೆ ಇಟ್ಟಿದ್ದೇನೆ ಅಂತ ಕೇಳುವವರಿದ್ದಾರೆ, ಅದು ನಿಮ್ಮ ಬಚ್ಚಲನ್ನು ಅವಲಂಬಿಸಿದೆ ಅಷ್ಟೆ ಅನ್ನುತ್ತೇನೆ.

ರೆಕಾರ್ಡಿಂಗಿಗೆ ಟ್ರಂಕ್ ರೆಕಾರ್ಡರ್ ಅನ್ನುವ ಸಾಫ್ಟ್‌ವೇರ್. ಎಸ್‌ಡಿಆರ್‌ಟ್ರಂಕ್ ಅಂತ ಇನ್ನೊಂದಿದೆ, ನೋಡಲು ಚಂದ, ರಾತ್ರಿಹಗಲು ಓಡಿಸಲು ನನಗೆ ಒಗ್ಗಲಿಲ್ಲ. ಬಂದ ಆಡಿಯೊವನ್ನು ಪಠ್ಯ ಮಾಡಲು ವಿಸ್ಪರ್ ಅನ್ನುವ ಎಐ. ಮೊದಲು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಹಾಕಿದೆ. ಒಂದು ಕರೆಯ ಪಠ್ಯ ಬರುವಷ್ಟರಲ್ಲಿ ಫೈರ್ ಎಂಜಿನ್ ಹೋಗಿ ಬಂದಿರುತ್ತಿತ್ತು. ಆಮೇಲೆ ಹಳೆಯ ಡೆಸ್ಕ್‌ಟಾಪಿಗೆ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ, ಸುಮಾರು 200 ಡಾಲರ್. ಇಲ್ಲಿನ ಕರೆಂಟ್ ದರದಲ್ಲಿ ತಿಂಗಳಿಗೆ ಹತ್ತಿರ ಹತ್ತಿರ 20 ಡಾಲರ್ ಅದೇ ತಿನ್ನುತ್ತದೆ. ಈ ಲೆಕ್ಕ ಮನೆಯಲ್ಲಿ ಇನ್ನೂ ಪೂರ್ತಿ ಗೊತ್ತಿಲ್ಲ.

ವಿಸ್ಪರ್ ಜತೆಗಿನ ಗುದ್ದಾಟ ಬೇರೆಯೇ ಕಥೆ. ಪಿ25ರ ವೊಕೋಡರ್ (ಮಾತನ್ನು ಕುಗ್ಗಿಸುವ ವಿಧಾನ) ಧ್ವನಿ ಮೊದಲೇ ಡಬ್ಬದೊಳಗಿಂದ ಮಾತಾಡಿದಂತೆ. ಯಾರೂ ಮಾತಾಡದ ಖಾಲಿ ಜಾಗದಲ್ಲಿ ವಿಸ್ಪರ್ ತಾನಾಗಿ ‘ಥ್ಯಾಂಕ್ಯೂ ಫಾರ್ ವಾಚಿಂಗ್’ ಅಂತ ಬರೆದುಬಿಡುತ್ತದೆ. ಡಿಸ್ಪ್ಯಾಚರ್ ಮೈಕ್ ಒತ್ತಿ ಸುಮ್ಮನಿದ್ದರೆ ಸಾಕು, ವೀಕ್ಷಕರಿಗೆ ವಂದನೆ. ಬೀದಿ ಹೆಸರುಗಳಂತೂ ದೇವರಿಗೇ ಪ್ರೀತಿ, ಸ್ಪ್ಯಾನಿಷ್ ಹೆಸರು ಬಂದರೆ ಬಾಯಿಗೆ ಬಂದದ್ದು ಬರೆಯುತ್ತಿತ್ತು. ಕೊನೆಗೆ ಕೈ ಹಿಡಿದದ್ದು ಸಣ್ಣ ಉಪಾಯ. ಆರಂಭದ ಪ್ರಾಂಪ್ಟಿನಲ್ಲೇ (ಅದಕ್ಕೆ ಮೊದಲೇ ಕೊಡುವ ಸುಳಿವಿನಲ್ಲಿ) ನಮ್ಮ ಭಾಗದ ಮುಖ್ಯ ಬೀದಿಗಳನ್ನು (ಬ್ಲಾಸಮ್ ಹಿಲ್, ಅಲ್ಮಡೆನ್, ಕ್ಯಾಪಿಟಲ್ ಎಕ್ಸ್‌ಪ್ರೆಸ್‌ವೇ, ಟುಲಿ, ಮಾಂಟೆರೆ) ಜತೆಗೆ ‘ಸ್ಟೇಜ್’, ‘ಕೋಡ್ 4’, ‘ಎಂಜಿನ್’, ‘ಟ್ರಕ್’ ಅಂತ ತುಂಬಿಸಿಟ್ಟೆ. ಅಲ್ಲಿಂದ ಬೀದಿ ಹೆಸರು ಹತ್ತಕ್ಕೆ ಎಂಟು ಸರಿ ಬರುತ್ತದೆ. ಇದೇ ಹುರುಪಿನಲ್ಲಿ ಊರಿಂದ ಅಮ್ಮ ಕಳಿಸುವ ವಾಟ್ಸಾಪ್ ಧ್ವನಿಸಂದೇಶಗಳನ್ನೂ ಅದಕ್ಕೆ ಕೊಟ್ಟು ನೋಡಿದೆ. ಕನ್ನಡ ಅಂತ ಹೇಳಿಯೇ ಕೊಟ್ಟೆ, ಅರ್ಧ ತೆಲುಗು ಲಿಪಿಯಲ್ಲಿ ಬಂತು. ಆ ಪ್ರಯೋಗ ಅಲ್ಲಿಗೇ ಬಿಟ್ಟೆ.

ಎರಡನೇ ಕಾಲು ಕಂಟ್ರೋಲ್ ಚಾನೆಲ್, ಅಂದರೆ ಯಾರು ಯಾವ ಚಾನೆಲ್‌ನಲ್ಲಿ ಮಾತಾಡಬೇಕೆಂದು ವ್ಯವಸ್ಥೆ ಹೇಳುವ ಚಾನೆಲ್. ಪೊಲೀಸ್ ಧ್ವನಿ ಎನ್‌ಕ್ರಿಪ್ಟ್ ಆಗಿದ್ದರೂ ಯಾವ ಟಾಕ್‌ಗ್ರೂಪಿಗೆ (ಒಟ್ಟಿಗೆ ಮಾತಾಡುವ ರೇಡಿಯೊಗಳ ಗುಂಪಿಗೆ) ಯಾವಾಗ ಚಾನೆಲ್ ಸಿಕ್ಕಿತು ಅನ್ನುವುದು ಇಲ್ಲಿ ಬಯಲಲ್ಲೇ ಬರುತ್ತದೆ. ಏನು ಮಾತಾಡಿದರು ಗೊತ್ತಾಗುವುದಿಲ್ಲ, ಎಷ್ಟು ಮಾತಾಡುತ್ತಿದ್ದಾರೆ ಗೊತ್ತಾಗುತ್ತದೆ. ನಿಮಿಷಕ್ಕೆ ಎಷ್ಟು ಗ್ರಾಂಟ್ (ಹೀಗೆ ಚಾನೆಲ್ ಕೊಟ್ಟದ್ದು) ಎಂದು ಎಣಿಸಿ ಗ್ರಾಫ್ ಹಾಕಿದೆ. ಮೊದಲ ತಿಂಗಳು ಬರೀ ಸುಳ್ಳು ಗಂಟೆ. ಪಾಳಿ ಬದಲಾಗುವ ಹೊತ್ತಿಗೆ ಎಲ್ಲರೂ ಹಾಜರಿ ಹೇಳುತ್ತಾರೆ, ನನ್ನ ಫೋನ್ ಬಡಿದುಕೊಳ್ಳುತ್ತದೆ. ಶನಿವಾರ ರಾತ್ರಿ ಪೇಟೆ ಕಡೆಯ ಟಾಕ್‌ಗ್ರೂಪ್ ಹೇಗೂ ಗಿಜಿಗುಡುತ್ತಿರುತ್ತದೆ, ಆಗಲೂ ಬಡಿತ. ವಾರದ ಪ್ರತಿ ಗಂಟೆಗೂ ಬೇರೆ ಬೇರೆ ಸರಾಸರಿ ಇಟ್ಟು, ಅದನ್ನು ಮೀರಿದ್ದು ಎಷ್ಟು ಹೊತ್ತು ನಿಂತಿತು ಅಂತ ನೋಡಲು ಶುರು ಮಾಡಿದ ಮೇಲೆ ದಾರಿಗೆ ಬಂತು. ಮಿತಿ ಎಷ್ಟು, ಎಷ್ಟು ನಿಮಿಷ ಅನ್ನುವುದು ನನ್ನ ಹೊಟ್ಟೆಯಲ್ಲೇ ಇರಲಿ. ಒಂದನ್ನು ಮಾತ್ರ ಬೇಕೆಂದೇ ಮಾಡಿಲ್ಲ: ರೇಡಿಯೊ ಐಡಿಗಳನ್ನು (ಒಂದೊಂದು ವಾಕಿಟಾಕಿಯ ಗುರುತಿನ ನಂಬರ್) ಉಳಿಸಿಕೊಳ್ಳುವುದಿಲ್ಲ, ಬಂದ ಕ್ಷಣ ಬಿಸಾಡುತ್ತೇನೆ. ಒಬ್ಬ ಅಧಿಕಾರಿ ಎಲ್ಲಿದ್ದಾನೆ ಅನ್ನುವುದು ನನಗೆ ಬೇಡ. ಫೈರ್ ಕರೆಗಳಲ್ಲಿ ಬರುವ ಮನೆ ನಂಬರ್, ರೋಗಿಯ ವಯಸ್ಸು ಕೂಡ ಅಳಿಸಿಹೋಗುವಂತೆ ಮಾಡಿದ್ದೇನೆ. ಇದು ಊರಿಗೆಲ್ಲ ಹಂಚುವ ಫೀಡ್ ಅಲ್ಲ.

ಹೆದ್ದಾರಿಗೆ ಹೈವೇ ಪ್ಯಾಟ್ರೋಲ್ ಇದ್ದಾರೆ, ಸಿಎಚ್‌ಪಿ. ಇವರ ಮೇಲೆ ನನಗೆ ವಿಶೇಷ ಪ್ರೀತಿ. ಜಗತ್ತೆಲ್ಲ ಡಿಜಿಟಲ್ ಆದರೂ ಇವರು 39ರಿಂದ 46 ಮೆಗಾಹರ್ಟ್ಸ್‌ನ ಲೋ ಬ್ಯಾಂಡಿನಲ್ಲಿ ಹಳೆಯ ಅನಲಾಗ್ ಎಫ್‌ಎಂನಲ್ಲೇ ಮಾತಾಡುತ್ತಾರೆ. ತೊಂದರೆ ಆಂಟೆನಾದ್ದು: ಅಲೆಯ ಕಾಲು ಭಾಗದ ಉದ್ದವೇ ಸುಮಾರು 1.7 ಮೀಟರ್. ಹಳೆಯ ಸ್ಪೀಕರ್ ವೈರ್ ಸೀಳಿ ಅಟ್ಟದಲ್ಲಿ ಉದ್ದಕ್ಕೆ ಡೈಪೋಲ್ ಎಳೆದೆ, ಖರ್ಚು ಸೊನ್ನೆ. ಕೇಳಿದ್ದು ಮಾತ್ರ ಬರೀ ಗರ್ರ್. ಮನೆಯ ಒಂದೊಂದೇ ಬ್ರೇಕರ್ ಇಳಿಸುತ್ತ ಹೋದಾಗ ಕಳ್ಳ ಸಿಕ್ಕಿದ್ದು ಅಡುಗೆಮನೆಯ ಎಲ್‌ಇಡಿ ಪಟ್ಟಿಯ ಅಡಾಪ್ಟರ್. ಅದನ್ನು ಬದಲಿಸಿ, ಕೇಬಲ್ಲಿಗೆ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿದೆ. ಅವರ ಕೋಡುಗಳಲ್ಲಿ 1179 ಅಂದರೆ ಅಪಘಾತ, ಆಂಬುಲೆನ್ಸ್ ಹೊರಟಿದೆ, 1182 ಗಾಯವಿಲ್ಲದ್ದು, 1125 ರಸ್ತೆಗೆ ಅಡ್ಡಿ. ಸಿಎಚ್‌ಪಿಯ ಟ್ರಾಫಿಕ್ ಘಟನೆಗಳ ಪುಟವೂ ಸಾರ್ವಜನಿಕ, ಅದರೊಡನೆ ತಾಳೆ ನೋಡಿಯೇ ನನ್ನ ಪಠ್ಯದ ಗುಣಮಟ್ಟ ಅಳೆದದ್ದು. ಸೂರ್ಯನ ಚಟುವಟಿಕೆ ಏರಿದ್ದ 2024ರ ಸುಮಾರಿಗೆ ಒಂದೆರಡು ಬೆಳಗ್ಗೆ ಇದೇ ವೈರಿನಲ್ಲಿ ಎಲ್ಲಿಯದೋ ಸ್ಪ್ಯಾನಿಷ್ ಮಾತು ಸ್ಫುಟವಾಗಿ ಬಂತು. ಅದರ ಹಿಂದೆ ಬಿದ್ದು ಒಂದು ವಾರ ಮೂಲ ಕೆಲಸ ನಿಂತೇಹೋಯಿತು.

ಹೆಲಿಕಾಪ್ಟರ್ ನೋಡಲು, ಅವು ತಾವಿರುವ ಜಾಗ ಸಾರುವ 1090 ಮೆಗಾಹರ್ಟ್ಸ್‌ಗೆ ಇನ್ನೊಂದು ಡಾಂಗಲ್. ನೇರ ಹೋಗುವುದನ್ನು ಬಿಟ್ಟು ಒಂದೇ ಕಡೆ ಮೂರು ಸುತ್ತು ಹಾಕಿದರೆ ಮಾತ್ರ ಗಂಟೆ. ಟಿವಿ ಚಾನೆಲ್ಲಿನ ಹೆಲಿಕಾಪ್ಟರೂ ಸುತ್ತುತ್ತದೆ, ಆದರೆ ಅದು ಬರುವಷ್ಟರಲ್ಲಿ ಸುದ್ದಿ ನನಗೆ ಹಳೆಯದಾಗಿರುತ್ತದೆ.

ಸ್ಟೇಜ್, ಗ್ರಾಂಟ್ ಏರಿಕೆ, ಹೆಲಿಕಾಪ್ಟರ್, ಹೆದ್ದಾರಿಯಾದರೆ ಸಿಎಚ್‌ಪಿ. ಇವುಗಳಲ್ಲಿ ಎರಡು ಕೂಡಿ ಬಂದರೆ ಮೆಸೇಜ್. ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಎಂಜಿನ್ನಿಗೆ ನಮ್ಮ ತರಕಾರಿ ಅಂಗಡಿಯ ಹಿಂದಿನ ಬೀದಿಯಲ್ಲಿ ಸ್ಟೇಜ್ ಆಗಲು ಹೇಳಿದರು, ಎರಡು ನಿಮಿಷದಲ್ಲಿ ಗ್ರಾಂಟ್ ಮೂರು ಪಟ್ಟು ಏರಿತು. ಅಂಗಡಿಗೆ ಹೊರಟಿದ್ದ ಅದೇ ಹಿರಿಯರಿಗೆ ಫೋನ್ ಮಾಡಿ ‘ಸಾರ್, ಅರ್ಧ ಗಂಟೆ ಬಿಟ್ಟು ಹೋಗಿ’ ಅಂದೆ. ನಂಬಲಿಲ್ಲ, ಹೋದರು, ಟೇಪ್ ಕಟ್ಟಿದ ರಸ್ತೆ ನೋಡಿ ವಾಪಸ್ ಬಂದರು. ಮಾರನೇ ದಿನ ಅವರಿಂದ ಬಂದ ಮೊದಲ ಪ್ರಶ್ನೆ ಗ್ರಾಫಿಕ್ಸ್ ಕಾರ್ಡ್ ಎಲ್ಲಿ ಕೊಂಡಿರಿ ಅನ್ನುವುದು.

ಇದು ಪೊಲೀಸ್ ರೇಡಿಯೊಕ್ಕೆ ಸಮ ಅಂತ ಮಾತ್ರ ನಾನು ಹೇಳುವುದಿಲ್ಲ. ಪೊಲೀಸರು ಏನು ಹೇಳಿ ಬಾಗಿಲು ತಟ್ಟಿದರು, ಯಾರನ್ನು ಯಾಕೆ ನಿಲ್ಲಿಸಿದರು, ಎಷ್ಟು ಹೊತ್ತಿಗೆ ಬಂದರು ಅನ್ನುವುದು ಧ್ವನಿಯಲ್ಲಿತ್ತು, ಅದು ಹೋಗಿಯೇ ಹೋಯಿತು. ಗಾಯಾಳು ಇಲ್ಲದ ಕಳ್ಳತನ, ಕಾರು ಗಾಜು ಒಡೆದದ್ದು ನನ್ನ ಬಲೆಗೆ ಬೀಳುವುದೇ ಇಲ್ಲ. ನಾಳೆ ಫೈರ್‌ನವರೂ ಎನ್‌ಕ್ರಿಪ್ಟ್ ಮಾಡಿದರೆ ಸ್ಟೇಜ್ ಅನ್ನುವ ಪದವೂ ಸಿಗದು. ಅದಕ್ಕೇ ನಗರಸಭೆಯ ಸಭೆಗೆ ಎರಡು ನಿಮಿಷದ ಮಾತಿಗೆ ಹೋಗುವುದನ್ನು ಬಿಟ್ಟಿಲ್ಲ, ಪಾಲೋ ಆಲ್ಟೋ ಉದಾಹರಣೆ ಪ್ರತಿ ಸಲವೂ ಓದುತ್ತೇನೆ.

ಒಟ್ಟು ಖರ್ಚು, ಹಾಳಾದದ್ದೂ ಸೇರಿ, 550 ಡಾಲರ್ ಹತ್ತಿರ. ಮಾರಿದ ಸ್ಕ್ಯಾನರ್ ಕಳೆದರೆ 350 ಅನ್ನಿ. ಬೀದಿಗಳ ಪಟ್ಟಿ, ಲೋ ಬ್ಯಾಂಡ್ ಡೈಪೋಲಿನ ಅಳತೆ, ಟ್ರಂಕ್ ರೆಕಾರ್ಡರಿನ ಕಾನ್ಫಿಗ್ ಕೇಳಿದವರಿಗೆ ಕೊಡುತ್ತೇನೆ. ಗ್ರಾಂಟ್ ಮಿತಿಯ ಲೆಕ್ಕ ನಿಮ್ಮದು ನೀವೇ ಕಂಡುಕೊಳ್ಳಿ, ನನಗೆ ಅದಕ್ಕೇ ಒಂದು ಚಳಿಗಾಲ ಹಿಡಿದಿದೆ.